ಮೂಕಿ ಪ್ರೇಮಕಥೆಗಳು ಮತ್ತು ಮಾತಿನ ಮರೀಗೌಡ

ಸಿನಿಮಾ ತೋರಿಸುವ ಕೆಲಸಕ್ಕೆ ಹೊಸದಾಗಿ ಇಳಿದವರು ನನ್ನನ್ನು ಕೇಳುವುದೆಲ್ಲ ಯಂತ್ರದ ಬಗ್ಗೆ. ರೀಲು ಹೇಗೆ ಹಾಕುತ್ತಿದ್ದಿರಿ, ತುಂಡಾದರೆ ಹೇಗೆ ಅಂಟಿಸುತ್ತಿದ್ದಿರಿ, ಕರೆಂಟು ಹೋದರೆ ಏನು ಮಾಡುತ್ತಿದ್ದಿರಿ. ಅದನ್ನೆಲ್ಲ ಹೇಳಬಲ್ಲೆ. ಆದರೆ ಪರದೆಯ ಪಕ್ಕದಲ್ಲಿ ನಿಂತು ಮಾತಾಡುತ್ತಿದ್ದ ಒಬ್ಬ ಮನುಷ್ಯನ ಮೇಲೆ ನಾನು ಪಟ್ಟ ಹೊಟ್ಟೆಕಿಚ್ಚಿನ ಬಗ್ಗೆ ಯಾರೂ ಕೇಳುವುದಿಲ್ಲ. ಅಂಥದ್ದೊಂದಿತ್ತು ಎಂದು ಅವರಿಗೆ ಗೊತ್ತಾಗುವುದಾದರೂ ಹೇಗೆ? ಈ ಕೆಲಸದಲ್ಲಿ ನಾನು ಕಲಿತದ್ದರಲ್ಲಿ ಮುಕ್ಕಾಲು ಪಾಲು ಅದರಿಂದಲೇ ಕಲಿತೆನಾದ್ದರಿಂದ ಅದನ್ನೇ ಬರೆಯುತ್ತಿದ್ದೇನೆ.

ನನ್ನ ಹೆಸರು ಶಿವಲಿಂಗಯ್ಯ, ಊರು ಪಾಲಹಳ್ಳಿ. ಸರ್ಕಾರದ ಒಂದು ಇಲಾಖೆಯ ಸಿನಿಮಾ ಜೀಪಿನಲ್ಲಿ ಪ್ರೊಜೆಕ್ಟರು ನಡೆಸುವ ಆಪರೇಟರ್ ಆಗಿದ್ದೆ. ಕಚೇರಿ ಶ್ರೀರಂಗಪಟ್ಟಣದಲ್ಲಿ, ಒಂದು ಕೋಣೆ, ಒಂದು ಸ್ಟೋರು, ಕಿಟಕಿಯಲ್ಲಿ ಕರಿಘಟ್ಟದ ಬೆಟ್ಟ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ಈ ನಾಲ್ಕು ತಾಲ್ಲೂಕುಗಳ ಶಾಲೆ, ಸಮುದಾಯ ಭವನ, ಸೊಸೈಟಿ ಗೋಡೌನುಗಳಲ್ಲಿ ಲಸಿಕೆ, ಶುಚಿತ್ವ, ಬಾಣಂತಿ ಆರೈಕೆಯ ಚಿತ್ರ ತೋರಿಸುವುದು ನಮ್ಮ ಕೆಲಸ. ಸಾಮಾನ್ಯವಾಗಿ ಮಧ್ಯಾಹ್ನ ಮೂರು ಗಂಟೆಗೆ ಆಟ. ಕಿಟಕಿಗಳಿಗೆಲ್ಲ ಕಂಬಳಿ ಕಟ್ಟಿ ಕತ್ತಲೆ ಮಾಡುತ್ತಿದ್ದೆವು. ಆದರೆ ವಾಂತಿಭೇದಿಯ ಸಿನಿಮಾ ನೋಡಲು ಯಾರು ತಾನೇ ಕೆಲಸ ಬಿಟ್ಟು ಬರುತ್ತಾರೆ? ಹತ್ತು ಜನ ಬಂದರೆ ಎಂಟು ಜನ ಕತ್ತಲೆಯಲ್ಲಿ ನಿದ್ದೆ ಮಾಡಲು ಬಂದವರು.

ಸ್ಟೋರಿನ ಮೂಲೆಯಲ್ಲಿ ಫಿಲಮ್ಮಿನ ಹನ್ನೊಂದು ತಗಡಿನ ಡಬ್ಬಿಗಳಿದ್ದವು. ಯಾರೋ ಯಾವಾಗಲೋ ದಾನ ಕೊಟ್ಟದ್ದು. ಹೆಸರಿನ ಚೀಟಿಗಳು ಉದುರಿಹೋಗಿದ್ದವು. ರಿಜಿಸ್ಟರಿನಲ್ಲಿ ಅವುಗಳ ಎದುರಿಗೆ ‘ವಿದೇಶಿ, ಮೂಕಿ, ಅನುಪಯುಕ್ತ’ ಎಂದು ಬರೆದಿತ್ತು. ಕೆಲಸವಿಲ್ಲದ ಒಂದು ದಿನ ಅವುಗಳಲ್ಲಿ ಒಂದನ್ನು ಪ್ರೊಜೆಕ್ಟರಿಗೆ ಹಾಕಿ ಗೋಡೆಯ ಮೇಲೆ ಬಿಟ್ಟೆ. ಸಂಜೆಯ ಹೊತ್ತಿಗೆ ಹನ್ನೊಂದನ್ನೂ ನೋಡಿ ಮುಗಿಸಿದ್ದೆ.

ಮೂಕಿ ಹಾಸ್ಯವೆಂದರೆ ಎಲ್ಲರಿಗೂ ನೆನಪಾಗುವುದು ಬೀಳುವುದು, ಏಳುವುದು, ಪೊಲೀಸರು ಅಟ್ಟಿಸಿಕೊಂಡು ಓಡುವುದು. ಈ ಡಬ್ಬಿಗಳಲ್ಲಿದ್ದ ನಟನಟಿಯರ ಹೆಸರು ಯಾರೂ ಕೇಳಿದ್ದಲ್ಲ. ಅವರು ಹೆಚ್ಚು ಬೀಳುತ್ತಲೂ ಇರಲಿಲ್ಲ. ಒಂದರಲ್ಲಿ ಒಬ್ಬ ಟ್ರಾಮಿನ ಕಂಡಕ್ಟರು. ಅಂಗಡಿಯ ಹುಡುಗಿಯೊಬ್ಬಳು ದಿನಾ ಟ್ರಾಮಿನಲ್ಲಿ ಕೈಗವಸು ಬೀಳಿಸಿ ಹೋಗುತ್ತಾಳೆ, ಇವನು ಅದನ್ನು ಹಿಡಿದುಕೊಂಡು ಓಡುತ್ತಾನೆ, ಅಷ್ಟರಲ್ಲಿ ಇವನ ಟ್ರಾಮು ಮುಂದೆ ಹೋಗಿಬಿಡುತ್ತದೆ. ಇನ್ನೊಂದರಲ್ಲಿ ನಾಚಿಕೆ ಸ್ವಭಾವದ ಗುಮಾಸ್ತ ಮದುವೆಯಾಗುವೆಯಾ ಎಂದು ಕೇಳಲು ಬಟ್ಟೆಯಂಗಡಿಯ ಗೊಂಬೆಯೆದುರು ಅಭ್ಯಾಸ ಮಾಡುತ್ತಾನೆ. ಬೀದಿಗೆ ಬೀದಿಯೇ ಅವನ ಹಿಂದೆ ನಿಂತು ನೋಡುತ್ತಿರುತ್ತದೆ. ನನಗೆ ಪ್ರಾಣವಾಗಿದ್ದುದು ಹಲ್ಲಿನ ಡಾಕ್ಟರ ಚಿತ್ರ. ಹಲ್ಲು ಚೆನ್ನಾಗಿಯೇ ಇರುವ ಹುಡುಗಿ ಡಾಕ್ಟರನ್ನು ನೋಡುವ ಆಸೆಗೆ ದವಡೆ ಹಿಡಿದುಕೊಂಡು ದಿನಾ ಬರುತ್ತಾಳೆ. ನೋವಿಲ್ಲ ಎಂದು ಅವನಿಗೂ ಗೊತ್ತು, ಆದರೂ ನಾಳೆ ಬಾ ಎನ್ನುತ್ತಾನೆ. ಅದರಲ್ಲೊಂದು ಗಳಿಗೆಯಿದೆ. ಅವಳು ಬಾಯಿ ತೆರೆದು ಕೂತಿದ್ದಾಳೆ. ಅವನು ಪುಟ್ಟ ಕನ್ನಡಿ ಹಿಡಿದು ಬಗ್ಗುತ್ತಾನೆ. ಹಲ್ಲು ನೋಡಬೇಕಾದವನು ಕಣ್ಣು ನೋಡುತ್ತಾ ನಿಂತುಬಿಡುತ್ತಾನೆ. ತೆರೆದ ಬಾಯಿಯನ್ನು ಮುಚ್ಚುವಂತಿಲ್ಲ, ನಾಚಿಕೆಯನ್ನು ಅಡಗಿಸುವಂತಿಲ್ಲ, ಅವಳು ಹಾಗೇ ಬಾಯಿ ತೆರೆದುಕೊಂಡೇ ಕೆಂಪಾಗುತ್ತಾಳೆ. ಕಪ್ಪು ಬಿಳುಪಿನ ಚಿತ್ರದಲ್ಲಿ ಕೆಂಪಾದದ್ದು ಹೇಗೆ ಕಂಡಿತು ಎಂದು ಕೇಳಬೇಡಿ. ನನಗೆ ಕಂಡಿತು.

ಹೆಣ್ಣು ನೋಡಲು ಜಯಮ್ಮನ ಮನೆಗೆ ಹೋದ ದಿನ ನಾನು ಒಂದು ಮಾತೂ ಆಡಿರಲಿಲ್ಲ. ಅವಳು ಉಪ್ಪಿಟ್ಟಿನ ತಟ್ಟೆ ಕೊಟ್ಟಳು, ನನ್ನ ಕೈಯಿಂದ ಚಮಚ ಬಿತ್ತು, ಎತ್ತಿಕೊಳ್ಳಲು ಇಬ್ಬರೂ ಒಟ್ಟಿಗೆ ಬಗ್ಗಿ ತಲೆಗೆ ತಲೆ ಡಿಕ್ಕಿಯಾಯಿತು. ಮದುವೆ ಗೊತ್ತಾದದ್ದು ಅಷ್ಟರಲ್ಲೇ. ಈ ಚಿತ್ರಗಳ ಗಂಡಸರೆಲ್ಲ ನನ್ನಂಥವರು, ಇವುಗಳಲ್ಲಿ ಮಾತು ಬಾರದವನಿಗೂ ಹುಡುಗಿ ಸಿಗುತ್ತಾಳೆ ಎಂದು ನನಗೆ ಅನ್ನಿಸಿತ್ತು. ಅದಕ್ಕೇ ಅವು ನನ್ನ ಸ್ವಂತ ಆಸ್ತಿ ಎಂಬಂತೆ ಇಟ್ಟುಕೊಂಡೆ.

ಆಗಿನ ಸಾಹೇಬರನ್ನು ಕೇಳಿದೆ: ಇಲಾಖೆಯ ಚಿತ್ರಕ್ಕೆ ಮೊದಲು ಇವುಗಳಲ್ಲಿ ಒಂದನ್ನು ಹಾಕೋಣವೇ? ಅವರು ಕನ್ನಡಕದ ಮೇಲಿನಿಂದ ನೋಡಿ, “ಜನ ಸೇರಿದ್ರೆ ಏನಾದ್ರೂ ಹಾಕಿ. ಸೇರದಿದ್ರೆ ನನ್ನ ಹತ್ರ ಬರಬೇಡಿ” ಎಂದರು.

ಮೊದಲ ಆಟ ಹೇಮಗಿರಿಯ ಕಡೆಯ ಒಂದು ಹಳ್ಳಿಯಲ್ಲಿ, ಸೊಸೈಟಿ ಗೋಡೌನಿನಲ್ಲಿ. ನಗೆಯ ಸಿನಿಮಾ ಎಂದು ಸಾರಿಸಿದ್ದರಿಂದ ಗೊಬ್ಬರದ ಮೂಟೆಗಳ ಮೇಲೆಲ್ಲ ಜನ. ಟ್ರಾಮಿನ ಚಿತ್ರ ಹಾಕಿದೆ. ಅದು ಎರಡು ರೀಲಿನದು. ಆತುರದಲ್ಲಿ ಎರಡನೆಯ ರೀಲನ್ನೇ ಮೊದಲು ಹಾಕಿಬಿಟ್ಟೆ. ಕಂಡಕ್ಟರು, ಹುಡುಗಿ ಮದುವೆಯಾಗಿ ಟ್ರಾಮು ಹತ್ತಿ ಹೊರಟೇಬಿಟ್ಟರು, ಜನ ಚಪ್ಪಾಳೆ ತಟ್ಟಿದರು. ಆಮೇಲೆ ಮೊದಲನೆಯ ರೀಲು ಶುರುವಾಯಿತು. ಈಗ ಅದೇ ಗಂಡ ಹೆಂಡತಿ ಒಬ್ಬರನ್ನೊಬ್ಬರು ಗುರುತೇ ಇಲ್ಲದವರಂತೆ ನೋಡುತ್ತಿದ್ದಾರೆ! ಜನ ಗೊಣಗತೊಡಗಿದರು. ಮುಂದೆ ಕೂತವನೊಬ್ಬ, “ಏನ್ಲಾ ಇದು, ತಾಳಿ ಕಟ್ಟಿ ಅರ್ಧ ಗಂಟೆ ಆಗಿಲ್ಲ, ಮರ್ತೇ ಓದ್ನಾ?” ಎಂದು ಕೂಗಿದ.

ಆಗ ಪರದೆಯ ಪಕ್ಕದಿಂದ ಒಂದು ದನಿ ಎದ್ದಿತು. “ಅಣ್ಣೋ, ಮರ್ತಿಲ್ಲ ಕಣಣ್ಣೋ! ಇಷ್ಟೊತ್ತು ನೀವು ನೋಡಿದ್ದು ಆ ಕಂಡಕ್ಟ್ರ ಕನ್ಸು. ಡ್ಯೂಟೀಲಿ ನಿದ್ದೆ ಒಡೀತಿದ್ದ. ಅಗಳ್ರಪ್ಪ, ಈಗ ಎದ್ದ ನೋಡಿ!”

ಪರದೆಯಲ್ಲಿ ಕಂಡಕ್ಟರು ಆಗಲೇ ಕಣ್ಣುಜ್ಜಿಕೊಂಡ. ಗೋಡೌನು ನಗೆಯಿಂದ ಬಿರಿದುಹೋಯಿತು.

ಆ ದನಿ ಮರೀಗೌಡನದು. ನಾಗಮಂಗಲ ತಾಲ್ಲೂಕಿನವನು, ನನಗಿಂತ ಎರಡು ಮೂರು ವರ್ಷ ಚಿಕ್ಕವನು. ದಿನಗೂಲಿಯ ಮೇಲೆ ಪರದೆ ಕಟ್ಟಲು, ಪೆಟ್ಟಿಗೆ ಹೊರಲು ನಮ್ಮ ಜೀಪಿನಲ್ಲಿದ್ದ. ಊರಿನ ಪೌರಾಣಿಕ ನಾಟಕಗಳಲ್ಲಿ ಪಾರ್ಟು ಮಾಡುತ್ತಿದ್ದನೆಂದು ಗೊತ್ತಿತ್ತು, ಇಷ್ಟು ಬಾಯಿಯಿದೆಯೆಂದು ಗೊತ್ತಿರಲಿಲ್ಲ. ಉಳಿದ ಹೊತ್ತೆಲ್ಲ ಅವನೇ ಮಾತಾಡಿ ನನ್ನ ಮರ್ಯಾದೆ ಉಳಿಸಿದ. ಜೀಪಿನಲ್ಲಿ ವಾಪಸು ಬರುವಾಗ ನಾನು ಅವನಿಗೆ ಕೃತಜ್ಞತೆ ಹೇಳಬೇಕಿತ್ತು. “ಸದ್ಯ, ಜನ ಒಳ್ಳೆಯವರು” ಎಂದೆ. ನಾನು ಮಾಡಿದ ತಪ್ಪಿನಿಂದ ಅವನಿಗೆ ಚಪ್ಪಾಳೆ ಬಿದ್ದಿತ್ತು. ಅದು ನನಗೆ ಆಗಲೇ ಚುಚ್ಚತೊಡಗಿತ್ತು.

ವಿಷಯ ಸಾಹೇಬರಿಗೆ ತಲುಪಿ, ಇನ್ನು ಮುಂದೆ ಎಲ್ಲ ಆಟಕ್ಕೂ ಮರೀಗೌಡ ಮಾತಾಡಲಿ ಎಂದಾಯಿತು. ಒಂದು ವರ್ಷದಲ್ಲಿ ನಾಲ್ಕು ತಾಲ್ಲೂಕಿನಲ್ಲೂ ಅವನ ಹೆಸರು. ಚಿತ್ರದ ನಡುವೆ ಇಂಗ್ಲಿಷಿನಲ್ಲಿ ಬರುವ ಬರಹಗಳನ್ನು ನಾನು ಅವನಿಗೆ ಮೊದಲೇ ಓದಿ ಅರ್ಥ ಹೇಳಿಕೊಡುತ್ತಿದ್ದೆ. ಎರಡು ಸಲ ಚಿತ್ರ ನೋಡಿದನೆಂದರೆ ಅವನಿಗೆ ಅಷ್ಟೂ ಬಾಯಿಪಾಠ. ಆಮೇಲೆ ಪರದೆಯ ಕಡೆ ತಿರುಗುತ್ತಲೇ ಇರಲಿಲ್ಲ. ಪರದೆಗೆ ಬೆನ್ನು ಕೊಟ್ಟು, ಜನರ ಮುಖ ನೋಡುತ್ತಾ, ಹಿಂದೆ ಏನು ನಡೆಯುತ್ತಿದೆಯೋ ಅದಕ್ಕೆ ಸರಿಯಾಗಿ ಮಾತು ಕೂಡಿಸುತ್ತಿದ್ದ. ಅದೇ ಅವನ ಹೆಮ್ಮೆ. ಹಲ್ಲಿನ ಡಾಕ್ಟರ ಚಿತ್ರದಲ್ಲಿ ಹುಡುಗಿ ದವಡೆ ಹಿಡಿದುಕೊಂಡು ಬಾಗಿಲಿಗೆ ಬಂದ ಕೂಡಲೇ ಹೇಳುತ್ತಿದ್ದ: “ಬಂದ್ಳು ನೋಡ್ರಪ್ಪ, ಅಲ್ಲು ನೋವಂತೆ! ಒಂದು ಗಾಡಿ ಕಬ್ಬು ಕೊಡಿ, ನಿಂತಂಗೇ ಅಗ್ದು ಸಿಪ್ಪೆ ಬಿಸಾಕ್ತಾಳೆ. ಅಂಥಾ ಅಲ್ಲು!” ಡಾಕ್ಟರು ನಾಳೆ ಬಾ ಎಂದು ಬೆರಳು ತೋರಿಸಿದಾಗ, “ಇವತ್ತು ಒಂದಲ್ಲು ನೋಡಿವ್ನಂತೆ, ನಾಳೆ ಇನ್ನೊಂದಂತೆ. ಕಳ್ಳ ನನ್ಮಗ, ಮೂವತ್ತೆರಡು ದಿನಕ್ಕೆ ಲೆಕ್ಕ ಇಟ್ಕಂಡವ್ನೆ!”

ಕಬ್ಬಿನ ಸೀಮೆಯ ಜನಕ್ಕೆ ಇನ್ನೇನು ಬೇಕು? ನಮ್ಮ ಜೀಪು ಊರೊಳಗೆ ಬಂದರೆ ‘ಸಿನಿಮಾ ಬಂತು’ ಎನ್ನುವುದು ನಿಂತು ‘ಮರೀಗೌಡ ಬಂದ’ ಎನ್ನುವುದು ಶುರುವಾಯಿತು. ಪಾಂಡವಪುರದ ಹತ್ತಿರದ ಒಂದು ಊರಿನ ಯಜಮಾನರು ಅವನಿಗೆ ಶಾಲು ಹೊದಿಸಿ, ಎಳನೀರು ಕೊಟ್ಟು, ನನ್ನ ಕಡೆ ತಿರುಗಿ, “ನೀವು ಡ್ರೈವರ್ರಾ?” ಎಂದರು. ಅಲ್ಲ, ಆಪರೇಟರು ಎಂದೆ. “ಓ, ಲೈಟ್ ಬುಡೋರು” ಎಂದರು.

ಅವನು ಮಾತಾಡುತ್ತಿದ್ದಾಗ ನಾನು ನಗುತ್ತಿರಲಿಲ್ಲ. ಲ್ಯಾಂಪು ಸರಿಮಾಡುವವನಂತೆ ತಲೆ ತಗ್ಗಿಸಿ ನಿಲ್ಲುತ್ತಿದ್ದೆ. ಆ ಕನ್ನಡಿಯ ಗಳಿಗೆ ಬಂದಾಗಲಂತೂ ಮೈ ಉರಿಯುತ್ತಿತ್ತು. ಅಲ್ಲಿ ಸುಮ್ಮನಿರಬೇಕು. ಆ ಗಳಿಗೆ ಕೇಳುವುದೇ ಮೌನವನ್ನು. ಮರೀಗೌಡ ಅಲ್ಲಿಯೂ ಬಿಡುತ್ತಿರಲಿಲ್ಲ: “ಅಲ್ಲೆಲ್ಲೈತೋ ಅಲ್ಲು? ಕಣ್ಣಲ್ಲಿ ಐತಾ?” ಜನ ಬಿದ್ದು ಬಿದ್ದು ನಗುತ್ತಿದ್ದರು. ಹುಡುಗಿಯ ಮುಖ ಯಾರೂ ನೋಡುತ್ತಿರಲಿಲ್ಲ.

ಒಮ್ಮೆ ಹೇಳಿದೆ. “ಮರೀಗೌಡ, ಆ ಒಂದು ಜಾಗದಲ್ಲಿ ಸ್ವಲ್ಪ ಸುಮ್ನಿರು.”

“ಸುಮ್ಕಿದ್ರೆ ಜನ ಎದ್ದೋಯ್ತಾರೆ ಶಿವಣ್ಣ” ಎಂದ ಅವನು, ಕಪಟವಿಲ್ಲದೆ. “ನಂಗೂ ಎದೆ ಡವಡವ ಅಂತದೆ ಅಲ್ಲಿ. ಅದ್ಕೇ ಏನೋ ಒಂದು ಅಂದ್ಬುಡ್ತೀನಿ.”

ಅಷ್ಟು ಒಳ್ಳೆಯ ಉತ್ತರ ಕೊಟ್ಟನಲ್ಲ ಎಂದು ಅದಕ್ಕೂ ಹೊಟ್ಟೆ ಉರಿಯಿತು.

ಆಮೇಲೆ ಪಾಲಹಳ್ಳಿಯ ಆಟ ಬಂತು. ನನ್ನ ಊರು, ನನ್ನ ಶಾಲೆ, ಮುಂದಿನ ಸಾಲಿನಲ್ಲಿ ಜಯಮ್ಮ. ನನ್ನ ಕೆಲಸ ಅವಳು ನೋಡುತ್ತಿದ್ದುದು ಅದೇ ಮೊದಲು. ಪ್ರೊಜೆಕ್ಟರಿನ ಬೆಳಕು ಹೊತ್ತಿಸುವಾಗ ಅವಳು ಒಮ್ಮೆ ತಿರುಗಿ ನನ್ನನ್ನು ನೋಡಿದಳು. ಅದೊಂದೇ ಸಲ. ಆಮೇಲೆ ಮರೀಗೌಡ ಬಾಯಿ ತೆರೆದ. ಜಯಮ್ಮ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಳು, ಸೆರಗು ಸಾಲದೆ ಪಕ್ಕದವಳ ಭುಜಕ್ಕೆ ಒರಗಿ ನಕ್ಕಳು, ಕಣ್ಣೀರು ಒರೆಸಿಕೊಂಡು ಮತ್ತೆ ನಕ್ಕಳು. ಮದುವೆಯಾಗಿ ಏಳು ವರ್ಷ, ಆ ನಗು ನಾನು ಕೇಳಿರಲೇ ಇಲ್ಲ. ಮನೆಗೆ ಬಂದು ಮುದ್ದೆ ತಿರುವುತ್ತಾ, “ಮೂವತ್ತೆರಡು ದಿನಕ್ಕೆ ಲೆಕ್ಕ ಇಟ್ಕಂಡವ್ನೆ” ಎಂದು ತನಗೆ ತಾನೇ ಹೇಳಿಕೊಂಡು ಮತ್ತೆ ನಗುತ್ತಿದ್ದಳು. “ಆವಪ್ಪನ್ನ ಒಂದಿನ ಊಟಕ್ಕೆ ಕರೀರಿ” ಎಂದಳು.

ನಾನು ಕರೆಯಲಿಲ್ಲ. ಅವನು ಮಾಂಸ ತಿನ್ನುವುದಿಲ್ಲ, ಹರಕೆಯಿದೆ ಎಂದೇನೋ ಸುಳ್ಳು ಹೇಳಿದೆ.

ಇದಾದ ಒಂದು ತಿಂಗಳಿಗೆ ಕೆ.ಆರ್. ಪೇಟೆಯ ಒಂದು ಪ್ರೌಢಶಾಲೆಯ ಸಭಾಂಗಣದಲ್ಲಿ ದೊಡ್ಡ ಆಟ. ಹೊಸದಾಗಿ ಬಂದ ಸಾಹೇಬರು, ಅವರ ಮೇಲಿನವರು, ಊರಿನ ಪ್ರಮುಖರು ಎಲ್ಲ ಕುರ್ಚಿಗಳಲ್ಲಿ. ಮರೀಗೌಡನಿಗೆ ಕೆಲಸ ಕಾಯಂ ಮಾಡುವ ಮಾತು ಆಗ ನಡೆಯುತ್ತಿತ್ತು, ಅವತ್ತಿನ ಆಟ ನೋಡಿ ತೀರ್ಮಾನ ಎಂದಿದ್ದರು. ಅವನು ಬಿಳಿ ಅಂಗಿ ಇಸ್ತ್ರಿ ಮಾಡಿಸಿಕೊಂಡು ಬಂದಿದ್ದ.

ಈಗಿನವರಿಗೆ ಒಂದು ವಿಷಯ ಹೇಳಬೇಕು. ಮೂಕಿ ಚಿತ್ರಗಳನ್ನು ತೆಗೆದದ್ದು ನಿಧಾನದ ಓಟಕ್ಕೆ. ಮಾತಿನ ಚಿತ್ರದ ವೇಗದಲ್ಲಿ ಓಡಿಸಿದರೆ ನಡೆಯುವವರು ಕುಪ್ಪಳಿಸುತ್ತಾರೆ, ನಾಚುವವರು ಬೆದರಿದಂತೆ ಕಾಣುತ್ತಾರೆ. ಜನ ಈ ಚಿತ್ರಗಳನ್ನು ಬರೀ ಕುಣಿತ ಎಂದು ತಳ್ಳಿಹಾಕಿದ್ದಕ್ಕೆ ಅರ್ಧ ಕಾರಣ ಈ ತಪ್ಪು ವೇಗ. ನನ್ನ ಪ್ರೊಜೆಕ್ಟರಿನಲ್ಲಿ ವೇಗ ಹೆಚ್ಚು ಕಡಿಮೆ ಮಾಡಲು ತಿರುಗಿಸುವ ಗುಂಡಿ, ಒಂದು ನಾಬು, ಇತ್ತು. ಯಾವ ಚಿತ್ರಕ್ಕೆ ಎಷ್ಟು ಎಂದು ಕಿವಿಯಿಂದಲೇ ತಿಳಿಯುವಷ್ಟು ಪಳಗಿದ್ದೆ.

ಅವತ್ತು ಹಲ್ಲಿನ ಡಾಕ್ಟರ ಚಿತ್ರ. ಹುಡುಗಿ ಬಾಗಿಲಿಗೆ ಬಂದಳು, ಕಬ್ಬಿನ ಮಾತು ಬಂತು, ದೊಡ್ಡವರೆಲ್ಲ ನಕ್ಕರು. ಹೊಸ ಸಾಹೇಬರು ಪಕ್ಕದವರಿಗೆ, “ಇವನೇ ನಮ್ಮ ಯೂನಿಟ್ಟಿನ ಜೀವಾಳ” ಎಂದದ್ದು ನನಗೆ ಕೇಳಿಸಿತು. ನನ್ನ ಕೈ ನಾಬಿನ ಮೇಲಿತ್ತು. ಒಂದು ಕೂದಲೆಳೆ ತಿರುಗಿಸಿದೆ. ಮರೀಗೌಡನ ಮಾತು ಒಂದು ಉಸಿರಿನಷ್ಟು ಹಿಂದೆ ಬಿತ್ತು. ಯಾರಿಗೂ ತಿಳಿಯಲಿಲ್ಲ. ಇನ್ನೊಂದಿಷ್ಟು ತಿರುಗಿಸಿದೆ. ಪರದೆಗೆ ಬೆನ್ನು ಹಾಕಿದ್ದ ಅವನು “ಬಾಯಿ ತೆಗಿ ಅಂತಾವ್ನೆ” ಎನ್ನುವಾಗ ಹುಡುಗಿ ಕುರ್ಚಿಯಿಂದ ಎದ್ದು ಹೊರಟಿದ್ದಳು. ಅವನು “ನಾಳೆ ಬಾ” ಎಂದಾಗ ನಾಳೆ ಬಂದು ಹೋಗಿಯಾಗಿತ್ತು. ಮಕ್ಕಳು ಮೊದಲು ಪಿಸುಗುಟ್ಟಿದರು, ಆಮೇಲೆ ನಕ್ಕರು. ಆ ನಗು ಅವನ ಮಾತಿಗಲ್ಲ ಎಂಬುದು ಅವನಿಗೆ ಗೊತ್ತಾಯಿತು. ಜನರ ಮುಖ ಓದುವುದರಲ್ಲಿ ಅವನನ್ನು ಮೀರಿಸಿದವರಿಲ್ಲ. ಬೆವರು ಒರೆಸಿಕೊಂಡ, ಒಂದು ಮಾತು ಬಿಟ್ಟು ಮುಂದಿನದು ಹಿಡಿಯಲು ನೋಡಿದ, ಅದೂ ತಪ್ಪಿತು. ನಾನು ಇನ್ನೂ ಸ್ವಲ್ಪ ತಿರುಗಿಸಿದೆ. ಯಾರೋ ಶಿಳ್ಳೆ ಹಾಕಿದರು. ಅವನು ಒಮ್ಮೆ ಪರದೆಯ ಕಡೆ ತಿರುಗಿ ನೋಡಿದ. ಕನ್ನಡಿಯ ಗಳಿಗೆ ಅಷ್ಟರಲ್ಲಿ ಓಡಿಹೋಗಿತ್ತು. ಅವನ ಬಾಯಿ ತೆರೆದೇ ಇತ್ತು, ಮಾತು ಹೊರಡಲಿಲ್ಲ. ಹಾಗೇ ಬಾಗಿಲ ಕಂಬಳಿ ಸರಿಸಿ ಹೊರಗೆ ಹೋಗಿಬಿಟ್ಟ.

ಸಾಹೇಬರು ಎದ್ದು ನನ್ನ ಹತ್ತಿರ ಬಂದರು. “ಏನ್ರೀ ಇದು? ಕುಡಿದಿದ್ದಾನಾ ಅವನು?”

ಮರೀಗೌಡ ಕುಡಿಯುತ್ತಿರಲಿಲ್ಲ. ಅದು ನನಗೆ ಚೆನ್ನಾಗಿ ಗೊತ್ತಿತ್ತು.

“ಗೊತ್ತಿಲ್ಲ ಸರ್” ಎಂದೆ.

ನಾಬು ತಿರುಗಿಸಿದ್ದಕ್ಕಿಂತ ದೊಡ್ಡ ತಪ್ಪು ಆ ಎರಡು ಪದಗಳು. ಕಾಯಂ ಮಾತು ಬಿದ್ದುಹೋಯಿತು. ಜೀಪಿನಿಂದ ತೆಗೆದು ಅವನನ್ನು ಬೇರೊಂದು ಕಚೇರಿಯಲ್ಲಿ ಕಡತ ಹೊರುವ ಕೆಲಸಕ್ಕೆ ಹಾಕಿದರು. ಹೊರಡುವ ದಿನ ನನ್ನ ಹತ್ತಿರ ಬಂದು, “ಏನಾಯ್ತೋ ಗೊತ್ತಾಯ್ತಿಲ್ಲ ಶಿವಣ್ಣ. ಎಲ್ಲಾ ಬಾಯಿಪಾಠ ಇತ್ತು. ಬುಡು, ನಿಂಗೆ ಮುಜುಗರ ಮಾಡ್ಬುಟ್ಟೆ” ಎಂದ. ನಾನು ರೀಲು ಸುತ್ತುತ್ತಾ, “ಆಗ್ತದೆ, ಆಗ್ತದೆ” ಎಂದೆ.

ಆಮೇಲಿನ ಆಟಗಳಲ್ಲಿ ಮಾತಿರಲಿಲ್ಲ. ಬರಹಗಳನ್ನು ನಾನೇ ಕನ್ನಡದಲ್ಲಿ ಸ್ಲೈಡು ಮಾಡಿ ತೋರಿಸಿದೆ. ಮೊದಲ ಎರಡು ಊರಿನಲ್ಲಿ ಅರ್ಧ ಜನ ಎದ್ದು ಹೋದರು. ಮೂರನೆಯದು ನಾಗಮಂಗಲದ ಸಮುದಾಯ ಭವನ. ಅಲ್ಲಿ ಕಾಳಮ್ಮ ಎಂಬ ಮುದುಕಿಯಿದ್ದರು. ಹಲ್ಲಿನ ಡಾಕ್ಟರ ಚಿತ್ರವನ್ನು ಆರೇಳು ಸಲ ನೋಡಿದವರು. ಅವತ್ತು ಕನ್ನಡಿಯ ಗಳಿಗೆ ಬಂದಾಗ ಭವನ ಪೂರ್ತಿ ನಿಶ್ಶಬ್ದ. ಯಾರೋ ಹೆಂಗಸು ಸಣ್ಣಗೆ ನಕ್ಕಳು. ಆ ನಗು ಒಬ್ಬರಿಂದ ಒಬ್ಬರಿಗೆ ಹರಡಿತು. ಗುಲ್ಲೆಬ್ಬಿಸುವ ನಗುವಲ್ಲ, ಮನೆಯೊಳಗೆ ನಗುವಂಥ ನಗು. ಇಷ್ಟು ವರ್ಷ ನಾನು ಅಂದುಕೊಂಡಿದ್ದು ನಿಜವಾಗಿತ್ತು. ಚಿತ್ರಕ್ಕೆ ಯಾರ ಆಸರೆಯೂ ಬೇಕಿರಲಿಲ್ಲ.

ಆಟ ಮುಗಿದ ಮೇಲೆ ಕಾಳಮ್ಮ ಪ್ರೊಜೆಕ್ಟರಿನ ಹತ್ತಿರ ಬಂದರು. “ಇವತ್ತು ಆ ಎಣ್ಮಗಳ ಕಣ್ಣ ನೋಡ್ದೆ ಕಣಪ್ಪ. ಇಷ್ಟು ದಿನ ನೋಡೇ ಇರ್ಲಿಲ್ಲ” ಎಂದರು.

ನನ್ನ ಎದೆ ಉಬ್ಬಿತು.

“ಅದ್ಸರಿ, ನಮ್ ಮರೀಗೌಡ ಎಲ್ಲಪ್ಪ? ಉಸಾರಾಗವ್ನಾ?”

ನಾನು ಚಿತ್ರಗಳ ಬಗ್ಗೆ ಸರಿಯಾಗಿದ್ದೆ. ಸರಿಯಾಗಿದ್ದುದರಿಂದ ಸುಖವೇನೂ ಆಗಲಿಲ್ಲ. ಹೋದ ಹೋದ ಊರಲ್ಲೆಲ್ಲ ಅದೇ ಪ್ರಶ್ನೆ. ಇಲ್ಲದವನ ಮೇಲೆ ಹೊಟ್ಟೆಕಿಚ್ಚು ಪಡುವುದು ಇದ್ದವನ ಮೇಲೆ ಪಡುವುದಕ್ಕಿಂತ ಕಷ್ಟ. ಇಲ್ಲದವನು ಎಂದೂ ತಪ್ಪು ಮಾಡುವುದಿಲ್ಲ.

ಕಾಲ ಬದಲಾಯಿತು. ಮೊದಲು ವಿಡಿಯೋ ಕ್ಯಾಸೆಟ್ಟು ಬಂತು, ಆಮೇಲೆ ಸಿ.ಡಿ. ತಟ್ಟೆಗಳು, ಕೊನೆಗೆ ಬೆರಳಿನಷ್ಟು ಪೆನ್‌ಡ್ರೈವು. ಪ್ರೊಜೆಕ್ಟರು ಮೂಲೆ ಸೇರಿತು. ಡಬ್ಬಿಗಳಿಂದ ವಿನಿಗರ್ ವಾಸನೆ ಬರತೊಡಗಿತು. ಫಿಲಮ್ಮು ಸಾಯುವ ವಾಸನೆ ಅದು. ಒಮ್ಮೆ ಶುರುವಾದರೆ ಔಷಧವಿಲ್ಲ. ಸುರುಳಿ ಬಿಚ್ಚಿದರೆ ಹಪ್ಪಳದಂತೆ ಮುರಿಯುತ್ತಿತ್ತು. ನಾನು ನಿವೃತ್ತನಾಗುವ ಹೊತ್ತಿಗೆ ಹನ್ನೊಂದರಲ್ಲಿ ಒಂದೂ ಉಳಿದಿರಲಿಲ್ಲ.

ಕಳೆದ ವರ್ಷ ಪಾಂಡವಪುರದ ಕಾಲೇಜೊಂದರಲ್ಲಿ ಪಾಠ ಹೇಳುವ ಸಹನಾ ಎಂಬ ಹೆಣ್ಣುಮಗಳು ನನ್ನನ್ನು ಹುಡುಕಿಕೊಂಡು ಬಂದಳು. ವಿದ್ಯಾರ್ಥಿಗಳನ್ನು ಸೇರಿಸಿ, ಜನ ಮರೆತ ಹಳೆಯ ಮೂಕಿ ಹಾಸ್ಯಚಿತ್ರಗಳನ್ನು ಊರೂರಲ್ಲಿ ತೋರಿಸುವ ಯೋಚನೆ ಅವಳದು. “ಸರ್, ನೀವೇ ಬಂದು ನಡೆಸಿಕೊಡಬೇಕು. ನಮ್ಮ ಹುಡುಗರಿಗೆ ನಿಮ್ಮ ಅನುಭವ ಹೇಳಬೇಕು” ಎಂದಳು. ನಾನು ಹಲ್ಲಿನ ಡಾಕ್ಟರ ಕಥೆ ಹೇಳಿದೆ. ಅವಳು ಮೊಬೈಲಿನಲ್ಲಿ ಏನೇನೋ ಒತ್ತಿ, ಕಾಫಿ ಆರುವುದರೊಳಗೆ, “ಇದೇನಾ ಸರ್?” ಎಂದು ಮುಂದೆ ಹಿಡಿದಳು.

ಅದೇ. ಯಾವುದೋ ದೇಶದವರು ತೊಳೆದು ಒಪ್ಪಮಾಡಿ ಇಟ್ಟಿದ್ದರು. ಒಂದು ಗೀರಿಲ್ಲ. ಹೊತ್ತು ತಿರುಗಿ, ಅಂಟಿಸಿ, ಒರೆಸಿ ನಾನು ಕಾಪಾಡಲಾಗದ್ದು ಈ ಮಗುವಿಗೆ ಬೆರಳ ತುದಿಯಲ್ಲಿ ಸಿಕ್ಕಿತಲ್ಲ ಎಂದು ಅವಳ ಮೇಲೂ ಅಸೂಯೆಯಾಯಿತು. ಆಮೇಲೆ ಕನ್ನಡಿಯ ಗಳಿಗೆ ಬಂತು, ಸರಿಯಾದ ನಿಧಾನದಲ್ಲಿ. ಹುಡುಗಿ ಬಾಯಿ ತೆರೆದು ಕೂತಿದ್ದಳು. ನನಗೆ ಕಂಡದ್ದು ಮಾತು ಹೊರಡದೆ ತೆರೆದಿದ್ದ ಮರೀಗೌಡನ ಬಾಯಿ. ಮೊಬೈಲು ವಾಪಸು ಕೊಟ್ಟೆ.

ಅವಳು ಹೋದ ಮೇಲೆ ಜಯಮ್ಮನಿಗೆ ಎಲ್ಲ ಹೇಳಿದೆ. ಅವಳು ಬಿಡಿಸುತ್ತಿದ್ದ ಸೊಪ್ಪಿನ ಮೊರ ಪಕ್ಕಕ್ಕೆ ತಳ್ಳಿದಳು. “ಅದ್ಕೇನಾ ಆವಪ್ಪ ಮಾಂಸ ತಿನ್ನಲ್ಲ ಅಂದಿದ್ದು? ಓಗಿ. ಮೊದ್ಲು ಓಗಿ ಅವ್ರಿಗೆ ಯೇಳ್ಬುಟ್ಟು ಬನ್ನಿ. ಆಮೇಲೆ ನಂಜೊತೆ ಮಾತಾಡಿ.”

ಮರುದಿನ ಬೆಳಿಗ್ಗೆಯ ಬಸ್ಸಿಗೆ ಹೋದೆ. ನಾಗಮಂಗಲದಿಂದ ಮೂರು ಮೈಲಿ ಅವನ ಊರು. ಎರಡು ಸೀಮೆಹಸು ಕಟ್ಟಿಕೊಂಡಿದ್ದ, ಡೈರಿಗೆ ಹಾಲು ಹಾಕಿ ಆಗಷ್ಟೇ ಬಂದಿದ್ದ. “ಶಿವಣ್ಣ! ಬಾ ಬಾ, ಕುಂತ್ಕ” ಎಂದು ಓಡಿಬಂದು ಕೈ ಹಿಡಿದ. ಅವನ ಹೆಂಡತಿ ಕಾಫಿ ತಂದರು. ಆ ಆದರ ತಡೆಯಲಾರದೆ, ಲೋಟ ಮುಟ್ಟುವ ಮೊದಲೇ ಹೇಳಿಬಿಟ್ಟೆ.

“ಕೆ.ಆರ್. ಪೇಟೆಲಿ ಅವತ್ತು ನೀನು ತಪ್ಪಲಿಲ್ಲ ಮರೀಗೌಡ. ಮಿಷಿನ್ನಿನ ವೇಗ ನಾನೇ ಹೆಚ್ಚು ಮಾಡಿದೆ. ಬೇಕಂತಲೇ ಮಾಡಿದೆ.”

ಅವನಿಗೆ ಅರ್ಥವಾಗಲಿಲ್ಲ. ಇನ್ನೊಮ್ಮೆ ಹೇಳಿದೆ. ಅವನು ನಿಧಾನವಾಗಿ ನನ್ನ ಎದುರಿಗಿದ್ದ ಕಲ್ಲಿನ ಮೇಲೆ ಕೂತ.

“ಆಸ್ಪತ್ರೆಗೋಗಿದ್ದೆ ನಾನು. ಗೊತ್ತಾ ನಿಂಗೆ?” ಎಂದ. “ಮೈಸೂರಿಗೆ. ತಲೆಗೇನೋ ಆಗೈತೆ, ಮಾತು ತಪ್ತಾವೆ ಅಂತ. ಡಾಕ್ಟ್ರು ಏನಿಲ್ಲ ಅಂದ್ರು, ನಾನ್ ನಂಬ್ಲಿಲ್ಲ. ನಾಟ್ಕದ ಪಾರ್ಟು ಬುಟ್ಬುಟ್ಟೆ. ನನ್ ಮಗಳ ಮದ್ವೇಲಿ ಮೈಕು ಕೊಟ್ರೆ ಬಾಯ್ ಬುಡ್ದೆ ಯಾರ್ಗೋ ಕೊಟ್ಬುಟ್ಟೆ. ಇಷ್ಟು ವರ್ಸ ನನ್ ನಾಲ್ಗೇನೇ ಸರಿಯಿಲ್ಲ ಅಂತ ತಿಳ್ಕಂಡಿದ್ನಲ್ಲೋ.”

“ತಪ್ಪಾಯ್ತು” ಎಂದೆ.

“ಯಾಕ್ ಮಾಡ್ದೆ?”

“ಹೊಟ್ಟೆಕಿಚ್ಚು.”

“ನನ್ ಮ್ಯಾಲಾ?” ಅವನ ದನಿಯಲ್ಲಿ ಸಿಟ್ಟಿಗಿಂತ ಬೆರಗೇ ಹೆಚ್ಚಿತ್ತು. “ನೀನು ಕಾಯಂ ಆಪರೇಟ್ರು. ಇಂಗ್ಲೀಸು ಓದೋನು. ನಾನು ಪರ್ದೆ ಕಟ್ಟೋನು ಕಣೋ. ಆ ನಾಲ್ಗೆ ಬುಟ್ರೆ ನಂತಾವ ಇನ್ನೇನಿತ್ತು?”

ಅವನು ಎದ್ದು, ಹಸುವಿನ ಕಡೆ ತಿರುಗಿ, “ಶಿವಲಿಂಗಯ್ಯನೋರೇ, ನಿಮ್ ಬಸ್ಸಿನ ಟೈಮಾಯ್ತು” ಎಂದ. ಅವನು ನನ್ನನ್ನು ಬಹುವಚನದಲ್ಲಿ ಕರೆದದ್ದು ಅದೇ ಮೊದಲು. ಕಾಫಿ ಕುಡಿಯದೆ ಎದ್ದು ಬಂದೆ.

ಸಹನಾಗೆ ಫೋನು ಮಾಡಿ, ನನ್ನನ್ನು ಬಿಡಿ, ಇಂಥ ಊರಿನಲ್ಲಿ ಮರೀಗೌಡ ಎಂಬವರಿದ್ದಾರೆ, ಅವರನ್ನು ಕೇಳಿ ಎಂದೆ. ನಿವೃತ್ತನಾದ ಮೇಲೆ ನನ್ನನ್ನು ಕರೆದ ಮೊದಲ ವೇದಿಕೆ ಅದು. ಅವಳು ಎರಡು ಸಲ ಅವನ ಮನೆಗೆ ಹೋದಳು. ಎರಡು ಸಲವೂ ನಂಗೆ ಮಾತು ಬರಲ್ಲ ಕಣವ್ವ ಎಂದು ಕಳಿಸಿದನಂತೆ. ಮೂರನೆಯ ಸಲ ಲ್ಯಾಪ್‌ಟಾಪು ತೆಗೆದುಕೊಂಡು ಹೋಗಿ, ಅವನನ್ನು ಏನೂ ಕೇಳದೆ, ಜಗಲಿಯಲ್ಲಿ ಅವನ ಮೊಮ್ಮಗಳಿಗೆ ಹಲ್ಲಿನ ಡಾಕ್ಟರ ಚಿತ್ರ ಹಾಕಿದಳಂತೆ. ಆ ಮಗು, “ತಾತ, ಇವ್ಳು ಯಾಕೆ ಕೆನ್ನೆ ಇಡ್ಕಂಡವ್ಳೆ?” ಎಂದು ಕೇಳಿತಂತೆ. ಕೊಟ್ಟಿಗೆಯಿಂದ ಸಗಣಿ ಹೊರುವ ಮಂಕರಿ ಹಿಡಿದುಕೊಂಡೇ ಬಂದ ಅವನು ಉತ್ತರ ಹೇಳಲು ಶುರುಮಾಡಿದವನು ಚಿತ್ರ ಮುಗಿಯುವವರೆಗೆ ನಿಲ್ಲಿಸಲಿಲ್ಲವಂತೆ.

ಆಟ ನಾಗಮಂಗಲದ ಒಂದು ಸಭಾಂಗಣದಲ್ಲಿ, ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ. ನನ್ನನ್ನು ಯಾರೂ ಕರೆದಿರಲಿಲ್ಲ. ಜಯಮ್ಮ ಬರುತ್ತೇನೆಂದಳು, ಬೇಡವೆಂದೆ. ಅವಳು ಅವನ ಮಾತಿಗೆ ನಗುವುದನ್ನು ಕೂತು ನೋಡುವಷ್ಟು ದೊಡ್ಡ ಮನಸ್ಸು ನನಗಿನ್ನೂ ಬಂದಿರಲಿಲ್ಲ. ಹಿಂದಿನ ಬೆಂಚಿನಲ್ಲಿ ಕೂತೆ. ಕಂಪ್ಯೂಟರು ತನ್ನಷ್ಟಕ್ಕೆ ತಾನೇ ಚಿತ್ರ ಓಡಿಸುತ್ತಿತ್ತು, ಹತ್ತಿರ ಯಾರೂ ನಿಲ್ಲಬೇಕಿರಲಿಲ್ಲ. ಮರೀಗೌಡನ ತಲೆ ಪೂರ್ತಿ ಬೆಳ್ಳಗಾಗಿತ್ತು. ಈ ಸಲ ಪರದೆಗೆ ಬೆನ್ನು ಹಾಕಲಿಲ್ಲ. ಓರೆಯಾಗಿ ನಿಂತು, ಚಿತ್ರ ನೋಡಿಕೊಂಡು ಮಾತಾಡಿದ. ಹಳೆಯ ಮಾತು ಒಂದೂ ಇರಲಿಲ್ಲ, ಎಲ್ಲ ಹೊಸವು. ಡಾಕ್ಟರು ಕನ್ನಡಿ ಹಿಡಿದು ಬಗ್ಗಿದಾಗ ಅವನು ಮೈಕು ಕೆಳಗಿಳಿಸಿದ. ಅಷ್ಟು ಹೊತ್ತು ಸುಮ್ಮನಿದ್ದ. ಹುಡುಗಿ ಎದ್ದು ಹೋಗಿ ಬಾಗಿಲು ಮುಚ್ಚಿದ ಮೇಲೆ, ಡಾಕ್ಟರು ಖಾಲಿ ಕುರ್ಚಿಯೆದುರು ಪೆದ್ದನಂತೆ ನಿಂತಿದ್ದಾಗ, ಮೆಲ್ಲಗೆ ಅಂದ:

“ಈಗ ಯಾರ್ಗಪ್ಪ ನೋವು?”

ಸಭೆ ಒಂದು ಕ್ಷಣ ತಡೆದು ಆಮೇಲೆ ಭೋರ್ಗರೆಯಿತು. ನಾನೂ ನಕ್ಕೆ. ಹೊಟ್ಟೆ ಹಿಡಿದುಕೊಂಡು, ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಕ್ಕೆ. ಪಕ್ಕದಲ್ಲಿದ್ದ ಹುಡುಗಿ ನೀರಿನ ಬಾಟಲಿ ಕೊಟ್ಟಳು.

ಆಟ ಮುಗಿದ ಮೇಲೆ ವಿದ್ಯಾರ್ಥಿಗಳೆಲ್ಲ ಅವನನ್ನು ಮುತ್ತಿಕೊಂಡು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಅವರ ತಲೆಗಳ ಮೇಲಿಂದ ಅವನ ಕಣ್ಣು ನನ್ನ ಮೇಲೆ ಬಿತ್ತು. ನಾನು ಕೈ ಮುಗಿದೆ. ಅವನು ಮುಗಿಯಲಿಲ್ಲ, ಮುಖವನ್ನೂ ತಿರುಗಿಸಲಿಲ್ಲ. ಸ್ವಲ್ಪ ಹೊತ್ತು ನೋಡಿದ, ಆಮೇಲೆ ಯಾರೋ “ತಾತ, ಇಲ್ಲಿ ನೋಡಿ” ಎಂದರು, ಅತ್ತ ತಿರುಗಿ ನಕ್ಕ. ಎಂಥಾ ಚೆಂದದ ನಗು! ಈಗಲೂ ಅವನು ತಿಂಗಳಿಗೆ ಎರಡು ಮೂರು ಆಟಕ್ಕೆ ಹೋಗುತ್ತಾನೆ ಎಂದು ಸಹನಾ ಹೇಳುತ್ತಾಳೆ. ನನ್ನೊಂದಿಗೆ ಮಾತಾಡಿಲ್ಲ. ಆಟ ಎಲ್ಲಿದೆಯೆಂದು ತಿಳಿದುಕೊಂಡು ನಾನು ಬಸ್ಸು ಹತ್ತುತ್ತೇನೆ, ಹಿಂದೆ ಕೂತು ನಗುತ್ತೇನೆ. ಹೊಟ್ಟೆಕಿಚ್ಚು ಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಮನೆಗೆ ಬರುವ ದಾರಿಯುದ್ದಕ್ಕೂ ಇರುತ್ತದೆ.